ಸರಿಯಾಗಿ ಕೂತ ಕೇಬಲ್

ಹೊಳೆಯ ದಂಡೆಯ ಆಶ್ರಮದಲ್ಲಿ ಗುರುಗಳ ಗಂಟಲು ಸೋತಿತ್ತು. ಮಾತು ಕಡಿಮೆ ಮಾಡದಿದ್ದರೆ ಧ್ವನಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಕೇಳುವವರು ಮಾತ್ರ ಕಡಿಮೆಯಾಗಲಿಲ್ಲ. ಬೆಳಗಾದರೆ ಯಾರಾದರೊಬ್ಬರು ಸಂಕಟ ಹೊತ್ತು ಜಗಲಿಯ ಮೇಲೆ ಕೂತಿರುತ್ತಿದ್ದರು.

ಶಿಷ್ಯೆ ವಾರಿಜಾ ಒಂದು ದಾರಿ ಹುಡುಕಿದಳು. ಮೂವತ್ತು ವರ್ಷ ಗುರುಗಳು ಕೊಟ್ಟ ಉತ್ತರಗಳು ಕ್ಯಾಸೆಟ್ಟುಗಳಲ್ಲಿದ್ದವು. ಕಂಪ್ಯೂಟರಿಗೆ ಅವನ್ನು ಕೇಳಿಸಿ ಬರಹಕ್ಕಿಳಿಸಿದರೆ, ಬಂದವರಿಗೆ ಹಳೆಯ ಉತ್ತರವನ್ನೇ ಹುಡುಕಿ ಕೊಡಬಹುದು. ಗುರುಗಳು ಸುಮ್ಮನೆ ನೀರು ನೋಡುತ್ತಾ ಕೂರಬಹುದು.

ಅವಳು ದೊಡ್ಡ ಸಂಸಾರ ನಡೆಸಿ, ಮಕ್ಕಳ ಮದುವೆ ಮುಗಿಸಿ ಬಂದವಳು. ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೆ ಬಿಟ್ಟು ಗೊತ್ತಿರಲಿಲ್ಲ. ಎಂಟು ತಿಂಗಳಲ್ಲಿ ನಾನೂರು ಉತ್ತರಗಳು ಅವಳ ದಪ್ಪ ಪುಸ್ತಕಕ್ಕೆ ಬಂದವು. ಪ್ರತಿಯೊಂದಕ್ಕೂ ತಾರೀಖು, ವಿಷಯ, ಕ್ರಮಸಂಖ್ಯೆ.

ಒಂದು ಬುಧವಾರ ಸಣ್ಣತಾಯಮ್ಮ ಎಂಬ ಹೆಣ್ಣುಮಗಳು ಬಂದಳು. ಮಗಳು ತೀರಿಕೊಂಡು ವರ್ಷವಾಯಿತು, ಮನಸ್ಸಿನಿಂದ ಹೋಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದಳು.

ವಾರಿಜಾಗೆ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಇನ್ನೂರ ಹನ್ನೆರಡನೆಯ ಉತ್ತರವನ್ನು ಸ್ಪಷ್ಟವಾಗಿ ಓದಿದಳು.

"ಹಿಡಿದಿರುವುದು ನೀನೇ. ಕೈ ಬಿಡು."

ಸಣ್ಣತಾಯಮ್ಮ ಅವಳನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಹೊಳೆಯ ಮೆಟ್ಟಿಲ ಮೇಲೆ ಕೂತಳು. ಮಾತು ಒಳಗಿಳಿಯಿತು ಎಂದುಕೊಂಡ ವಾರಿಜಾ ಪುಸ್ತಕದಲ್ಲಿ ಗುರುತು ಹಾಕಿದಳು.

ಮರುದಿನ ಭಕ್ತರೊಬ್ಬರು ಕಳಿಸಿದ ಹೊಸ ಗ್ರಾಫಿಕ್ಸ್ ಕಾರ್ಡು ಬಂತು. ಕಂಪ್ಯೂಟರು ನಿಧಾನ, ಒಂದು ಕ್ಯಾಸೆಟ್ಟಿಗೆ ಮೂರು ದಿನ ಹಿಡಿಯುತ್ತದೆ ಎಂದು ಅವಳೇ ಹೇಳಿಕೊಂಡಿದ್ದಳು. ಈ ಕಾರ್ಡು ಹಾಕಿದರೆ ಆ ಕೆಲಸ ಬೇಗ ಆಗುತ್ತದೆ, ಆದರೆ ಕರೆಂಟು ಹೆಚ್ಚು ಬೇಕು. ಹಾಗಾಗಿ ಜೊತೆಗೆ ಹೊಸ ಪವರ್ ಸಪ್ಲೈ ಡಬ್ಬಿಯನ್ನೂ ಕಳಿಸಿದ್ದರು.

ಹಳೆಯ ಡಬ್ಬಿ ಬಿಚ್ಚಿ ಹೊಸದನ್ನು ಕೂರಿಸುವ ಹೊತ್ತಿಗೆ ಅವಳ ಹೆಗಲು ನೋಯುತ್ತಿತ್ತು. ಹಳೆಯ ಕೇಬಲ್ಲುಗಳನ್ನು ಅವಳೇ ಒಮ್ಮೆ ಅಚ್ಚುಕಟ್ಟಾಗಿ ಒಳಗೆಲ್ಲ ಎಳೆದು ದಾರದಿಂದ ಕಟ್ಟಿದ್ದಳು. ಈಗ ಅದನ್ನೆಲ್ಲ ಬಿಚ್ಚಬೇಕು, ಹೊಸದನ್ನು ಎಳೆಯಬೇಕು.

ಹಳೆಯ ಕೇಬಲ್ಲಿನ ತುದಿಯನ್ನು ಹೊಸ ಡಬ್ಬಿಗೆ ಹಿಡಿದು ನೋಡಿದಳು. ಎಂಟು ಪಿನ್ನು, ಎಂಟು ತೂತು. ಟಕ್ ಎಂದು ಕೂತಿತು. ಇನ್ನೊಂದು ತುದಿ ಕಾರ್ಡಿನಲ್ಲೂ ಕೂತಿತು. ಹೊಸ ಡಬ್ಬಿಯ ಜೊತೆ ಬಂದ ಕೇಬಲ್ಲುಗಳು ಚೀಲದಲ್ಲೇ ಉಳಿದವು.

ಸ್ವಿಚ್ ಒತ್ತಿದಳು. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಆಮೇಲೆ ಏನೂ ಇಲ್ಲ.

ಪೇಟೆಯ ರಿಪೇರಿಯವನಿಗೆ ಫೋನು ಮಾಡಿದಳು. ಕೇಬಲ್ಲು ಯಾವ ಡಬ್ಬಿಯದು ಎಂದಷ್ಟೇ ಅವನು ಕೇಳಿದ. ಡಬ್ಬಿಯ ಕಡೆ ಯಾವ ತಂತಿ ಎಲ್ಲಿಗೆ ಬರಬೇಕು ಎಂಬುದು ಒಂದೊಂದು ಕಂಪನಿಯವರದ್ದು ಒಂದೊಂದು ಥರ, ಆಕಾರ ನೋಡಿ ಹಾಕಬಾರದು ಮೇಡಂ, ಎಂದ. ಕಾರ್ಡಿನ ಆಸೆ ಬಿಡಿ ಎಂದೂ ಹೇಳಿದ.

ವಾರಿಜಾ ಗುರುಗಳ ಮುಂದೆ ಹೋಗಿ ಕೂತು ಎಲ್ಲವನ್ನೂ ಹೇಳಿದಳು. ಗುರುಗಳು ಸುಟ್ಟ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು.

"ನಿನ್ನ ಬಿ.ಎಸ್ಸಿ.ಯಲ್ಲಿ ಇದನ್ನ ಹೇಳಿಕೊಡಲಿಲ್ವಾ?"

"ನಂದು ಸಸ್ಯಶಾಸ್ತ್ರ, ಗುರುಗಳೇ."

ಗುರುಗಳು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವಳು ನೀರಿನ ಲೋಟ ಹಿಡಿದು ಕಾದಳು.

"ಹೊಸ ಕೇಬಲ್ಲು ಕೈಯಲ್ಲೇ ಇತ್ತಲ್ಲ, ಯಾಕೆ ಹಾಕಲಿಲ್ಲ?"

"ದಣಿದಿದ್ದೆ. ಹಳೇದೇ ಹೊಂದಿಕೊಳ್ತು. ಮತ್ತೆ ಮೊದಲಿಂದ ಯಾರು ಬಿಚ್ಚೋದು ಅನ್ನಿಸ್ತು."

ಗುರುಗಳು ತಲೆಯಾಡಿಸಿದರು. ಬೈಯಲಿಲ್ಲ. ಕಿಟಕಿಯಿಂದ ಮೆಟ್ಟಿಲುಗಳು ಕಾಣುತ್ತಿದ್ದವು. ಅತ್ತ ನೋಡುತ್ತಾ, ಆ ಹೆಣ್ಣುಮಗಳು ಊಟ ಮಾಡಿದಳೇ ಎಂದು ಕೇಳಿದರು.

ನಿನ್ನೆಯಿಂದ ಏನೂ ಮುಟ್ಟಿಲ್ಲ, ಅಡುಗೆಯವರು ಎರಡು ಸಲ ಕರೆದು ಬಂದರು ಎಂದಳು ವಾರಿಜಾ.

"ಅವಳಿಗೆ ಏನು ಕೊಟ್ಟೆ?"

"ಇನ್ನೂರ ಹನ್ನೆರಡು."

"ಅದನ್ನ ನಾನು ಯಾರಿಗೆ ಹೇಳಿದ್ದು?"

"ಮಗಳನ್ನ ಕಳಕೊಂಡ ಒಬ್ಬರಿಗೆ. ಪ್ರಶ್ನೆ ಅದೇ, ಗುರುಗಳೇ. ಒಂದಕ್ಷರ ಆಚೀಚೆ ಇರಲಿಲ್ಲ."

"ಸರಿಯಾಗಿ ಕೂತಿತಾ?"

ವಾರಿಜಾ ಮೊಣಕಾಲಿಗೆ ಕೈ ಊರಿ ಎದ್ದಳು. ಪುಸ್ತಕ ಎತ್ತಿಕೊಂಡು ಮೆಟ್ಟಿಲಿಳಿದಳು.

ಸಣ್ಣತಾಯಮ್ಮ ಕೂತಲ್ಲೇ ಕೂತಿದ್ದಳು. ಬಲಗೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ವಾರಿಜಾ ಪಕ್ಕದಲ್ಲಿ ಕೂತು, ನಿನ್ನೆ ತಾನು ಓದಿದ್ದರಿಂದ ನೋವಾಯಿತೇ ಎಂದು ಕೇಳಿದಳು.

ಸಣ್ಣತಾಯಮ್ಮ ತನ್ನ ಅಂಗೈ ನೋಡಿಕೊಂಡಳು.

"ಕೈ ಬಿಟ್ಟೋಳೇ ನಾನು ಕಣವ್ವ," ಎಂದಳು ಸಣ್ಣತಾಯಮ್ಮ. "ನಾಲೇಲಿ ಬಟ್ಟೆ ಒಗೀತಿದ್ದೆ. ಮಗೀಗೆ ಕಾಲು ಜಾರ್ತು. ಹಿಡ್ಕಂಡೆ. ಸೋಪಿನ ಕೈ."

ವಾರಿಜಾಳ ತೊಡೆಯ ಮೇಲಿದ್ದ ಪುಸ್ತಕದಲ್ಲಿ ನಾನೂರು ಉತ್ತರಗಳಿದ್ದವು. ಒಂದನ್ನೂ ತೆರೆಯುವ ಧೈರ್ಯವಾಗಲಿಲ್ಲ.

ಅವಳು ಮತ್ತೆ ಮೇಲೆ ಹತ್ತಿ ಬಂದಳು. ಕಿಟಕಿಯಾಚೆಯ ಮೆಟ್ಟಿಲುಗಳಿಂದ ಕಣ್ಣು ತೆಗೆಯದೆ, ಕೇಳಿದ್ದನ್ನು ಗುರುಗಳಿಗೆ ಹೇಳಿದಳು. ತನ್ನ ಮಾತು ಕೇಳಿ ಆ ತಾಯಿ ಹೊಳೆಗೆ ಇಳಿದುಬಿಟ್ಟರೆ ಎಂಬ ಹೆದರಿಕೆ ಅವಳನ್ನು ಹಿಡಿದಿತ್ತು.

"ನನ್ನಿಂದ ತಪ್ಪಾಯ್ತು. ಈಗ ಅವಳಿಗೆ ಏನು ಹೇಳಲಿ, ಗುರುಗಳೇ? ಈ ಸಲ ನೀವೇ ಹೇಳಿ. ನೀವು ಹೇಳಿದ್ದನ್ನ ಹಾಗೇ ಹೋಗಿ ಹೇಳ್ತೀನಿ."

ಗುರುಗಳು ಕಣ್ಣು ಮುಚ್ಚಿದರು. ತುಟಿ ಅಲುಗಿದ್ದು ಕಂಡು ಅವಳು ಬಗ್ಗಿ ಕಿವಿಗೊಟ್ಟಳು.

"ಮಗುವಿನ ಹೆಸರೇನಂತೆ?"