ಬಿಟ್ಟುಬಿಟ್ಟ ಮೂರು

ಕಾಲುವೆಯ ನೀರು ಉಕ್ಕಿ ಗೂಡಿನ ಬಾಯಿಗೆ ಬಂದಾಗ, ಕೆಂಜಿಗ ಇರುವೆಗಳ ನಾಯಕಿ ತನ್ನ ಬಳಗವನ್ನೆಲ್ಲ ಎಣಿಸಿ, ಎಲೆಯ ದೋಣಿ ಕತ್ತರಿಸಲು ಬಂದ ಮಿಡತೆಗೆ ಗತ್ತಿನಿಂದ ಹೇಳಿತು: "ನನ್ನನ್ನೂ ಸೇರಿಸಿ ನಲವತ್ತಮೂರು, ಅಂದಾಜಿಗೆ ನಲವತ್ತು. ಎಲೆಗೆ ಹತ್ತರಂತೆ ನಾಲ್ಕು ಸಾಕು."

"ಐದನೆಯದು ಬೇಡವೇ, ಅಮ್ಮಾ?"

"ಐದಕ್ಕಿಂತ ಕಡಿಮೆ ಉಳಿದರೆ ಬಿಟ್ಟುಬಿಡಬೇಕು. ಲೆಕ್ಕ ಕಲಿಯದವರಿಗೆ ಇದು ತಿಳಿಯದು."

ನಾಲ್ಕು ಎಲೆಗಳೂ ತುಂಬಿದವು. ದಡದಲ್ಲೇ ಉಳಿದ ಮೂರರಲ್ಲಿ ಎಲ್ಲಕ್ಕಿಂತ ಚಿಕ್ಕದು ಕೇಳಿತು: "ಅಕ್ಕಾ, ನೀನು ಬಿಟ್ಟುಬಿಟ್ಟ ಮೂರು ಅಂದರೆ ನಾವೇನಾ?"

ನಾಯಕಿಗೆ ನೀರಿಗಿಂತ ಮೊದಲು ನಾಚಿಕೆಯೇ ಕುತ್ತಿಗೆಯವರೆಗೆ ಏರಿತು. ಎಲೆಯಿಂದ ಇಳಿದು, ಆ ಪುಟ್ಟದನ್ನು ತನ್ನ ಜಾಗದಲ್ಲಿ ಕೂರಿಸಿತು. ಆಮೇಲೆ ಮಿಡತೆಯ ಮುಖ ನೋಡಲಾರದೆ, ತಲೆ ತಗ್ಗಿಸಿಯೇ ಕೇಳಿಕೊಂಡಿತು: "ಇನ್ನೊಂದು ಎಲೆ ಕತ್ತರಿಸುವಿರಾ, ಅಣ್ಣಾ? ನಾವು ಮೂರು ಜನ ಇದ್ದೇವೆ."