ಒಂಬತ್ತನೆಯ ದಿನದ ಮಡಕೆ

ಚಳಿಗಾಲದಲ್ಲಿ ಬಾತುಗಳು ಕೆರೆಗೆ ಬಂದಿಳಿದ ದಿನವೇ ಬೇಟೆಗಾರ ಭರಮಪ್ಪ ಒಂದು ಖಾಲಿ ಮಡಕೆಯನ್ನು ನೀರಿನಲ್ಲಿ ಬೋರಲು ತೇಲಿಬಿಡುತ್ತಿದ್ದ. ಅಂದಿನಿಂದ ಎಂಟು ದಿನ ನೀರಿಗೆ ಕಾಲಿಡದೆ, ಏರಿಯ ಮೇಲೆ ಕೂತು ದಿನಕ್ಕೊಂದು ಬೆರಳು ಮಡಚುತ್ತಿದ್ದ.

ಆ ವರ್ಷ ಒಂದು ಹೆಣ್ಣು ಬಾತು ಮೊದಲ ದಿನವೇ ಮಡಕೆಯನ್ನು ಕೇಳಿತು, "ಒಳಗೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನು ಸುಳ್ಳು ಹೇಳುವವನಲ್ಲ," ಎಂದಿತು ಮಡಕೆ.

ಮರುದಿನವೂ ಕೇಳಿತು. ಅದೇ ಉತ್ತರ ಬಂತು.

"ಬಿಡೇ, ಪಾಪ ಅದಕ್ಕೆ ಬಾಯಿ ನೋಯುತ್ತೆ. ನೀನೂ ಸ್ವಲ್ಪ ನಿದ್ದೆ ಮಾಡು," ಎಂದು ಅದರ ಜೋಡಿಯ ಗಂಡು ಬಾತು ನಕ್ಕಿತು.

ಹೆಣ್ಣು ಬಾತಿಗೆ ನಿದ್ದೆ ಬರಲಿಲ್ಲ. ಎಂಟು ದಿನ ಕೇಳಿತು, ಎಂಟು ದಿನವೂ ಮಡಕೆ ನಿಜವನ್ನೇ ಹೇಳಿತು. ಉಳಿದ ಬಾತುಗಳು ಅದನ್ನು ನಂಬಿ ಅದರ ಪಕ್ಕದಲ್ಲೇ ಮಲಗತೊಡಗಿದವು. ಮಡಕೆಗೂ ಅದು ಹಿತವಾಗಿತ್ತು.

ಒಂಬತ್ತನೆಯ ಬೆಳಗ್ಗೆ ಭರಮಪ್ಪ ಕುತ್ತಿಗೆಯವರೆಗೆ ನೀರಿಗಿಳಿದು, ಅದೇ ಮಡಕೆಯನ್ನು ತಲೆಗೆ ಕವುಚಿಕೊಂಡು, ಬಾತುಗಳ ಕಾಲು ಹಿಡಿದೆಳೆಯಲು ಸದ್ದಿಲ್ಲದೆ ಹೊರಟ.

"ನಾನೇನೂ ಸುಳ್ಳು ಹೇಳಿಲ್ಲವಲ್ಲ," ಎಂದುಕೊಂಡಿತು ಮಡಕೆ. "ಇವತ್ತು ಯಾರೂ ಕೇಳದಿದ್ದರೆ ಸಾಕು."

ಹೆಣ್ಣು ಬಾತು ಎದುರಿಗೇ ಇತ್ತು. ಅದರ ಪಕ್ಕದಲ್ಲಿ ಗಂಡು ಬಾತು ಕತ್ತು ಮಡಚಿ ಮಲಗಿತ್ತು.

"ಮಡಕೆಯಣ್ಣ, ಇವತ್ತು ಗಾಳಿಗೆ ಎದುರಾಗಿ ಬರ್ತಿದ್ದೀರಲ್ಲ. ಇವರಿಗೆ ಈಗಷ್ಟೇ ನಿದ್ದೆ ಹತ್ತಿದೆ, ಸುಮ್ಮನೆ ಎಬ್ಬಿಸಿದರೆ ಬೈತಾರೆ. ಒಳಗೆ ಯಾರೂ ಇಲ್ಲ ಅಂತ ಇನ್ನೊಂದೇ ಸಲ ಹೇಳಿಬಿಡಿ."

ಮಡಕೆ ಒಂದು ಮೊಳ ಹತ್ತಿರ ಬಂತು.

"ಹೇಳಿ ಅಣ್ಣ," ಎಂದಿತು ಹೆಣ್ಣು ಬಾತು.