ಬಳೆಗಾರ್ತಿಯ ಎತ್ತರದ ಕಾರು

"ಗುರುಗಳೇ, ಎತ್ತರದ ದೊಡ್ಡ ಕಾರಿನಲ್ಲಿ ಓಡಾಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಊರಿನ ಭಕ್ತನೊಬ್ಬ ಆ ದಿನ ಬೆಳಿಗ್ಗೆ ಮಠದ ಅಂಗಳದಲ್ಲಿ ಹೊಸ ಕಾರೊಂದನ್ನು ತಂದು ನಿಲ್ಲಿಸಿ, "ಗುರುಗಳು ನಡೆದು ಬರುವುದು ನಮಗೆ ಅವಮಾನ" ಎಂದು ಹೇಳಿ, ಕೀಲಿಯನ್ನು ಶಿಷ್ಯನ ಕೈಗಿಟ್ಟು ಹೋಗಿದ್ದ. ಗುರುಗಳಿಗೆ ಎಪ್ಪತ್ತು ದಾಟಿತ್ತು. ಈಗಲೂ ಜೋಳಿಗೆ ಹಿಡಿದು ಓಣಿ ಓಣಿ ನಡೆದೇ ಭಿಕ್ಷೆಗೆ ಹೋಗುತ್ತಿದ್ದರು.

"ಯಾಕೆ ಕೇಳುತ್ತೀ?" ಎಂದರು ಗುರುಗಳು.

"ನಿಮ್ಮ ಮೊಣಕಾಲು ನೋಯುತ್ತದಲ್ಲ, ಅದಕ್ಕೆ."

"ಮೊಣಕಾಲು ನನ್ನದು, ಸರಿ. ಬೆಳಗಿನಿಂದ ಮೂರು ಸಲ ಆ ಕಾರಿನ ಬಾಗಿಲು ತೆಗೆದು ಒಳಗೆ ಕೂತು ಬಂದವರು ಯಾರು?"

ಶಿಷ್ಯ ತಲೆ ತಗ್ಗಿಸಿದ. ಗುರುಗಳು ನಕ್ಕರು. "ನಾಚಬೇಡ, ಕೂರು. ಒಬ್ಬ ಬಳೆಗಾರ್ತಿಯ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

"ನಿನ್ನ ಕೈಲಿ ಇದು ಆಗೂದಿಲ್ಲ" ಎಂದು ಅವಳಿಗೆ ಮೊದಲು ಹೇಳಿದವನು ಅವಳ ಭಾವ. ಅವಳ ಗಂಡ ಬಳೆಗಾರ. ಅವನ ಬಲಭಾಗಕ್ಕೆ ಲಕ್ವ ಹೊಡೆಯಿತು. ಬಳೆಗಳನ್ನು ಪೋಣಿಸಿ ಹೆಗಲಿಗೇರಿಸುವ ಮಲಾರ ಗೋಡೆಯ ಗೂಟದಲ್ಲಿ ನೇತಾಡಿತು. ಅವಳು ಅದನ್ನು ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡಾಗ ಭಾವ ಬಾಗಿಲಿಗೆ ಅಡ್ಡ ನಿಂತ. "ಮಲಾರ ಹೊರೂದು ಗಂಡಸಿನ ಹೆಗಲು. ನಾಕು ಓಣಿ ತಿರುಗಿ ಅಳುತ್ತಾ ಬರ್ತೀಯ, ನೋಡು" ಎಂದ. ಅವಳು ಅವನ ಪಕ್ಕದಿಂದ ನುಸುಳಿ ಹೊರಬಿದ್ದಳು. ಆ ದಿನ ಎಂಟು ಓಣಿ ತಿರುಗಿದಳು. ಅತ್ತಳೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮನೆಗೆ ಬರುವಾಗ ಕಣ್ಣು ಒಣಗಿತ್ತು.

ಅವಳ ಮೊದಲ ಬೋಣಿ ಮಾಡಿದವಳು ಒಬ್ಬ ನೇಕಾರಳು. ಮಗ್ಗದಿಂದ ಎದ್ದು ಬಂದು, ಪಡಸಾಲೆಯಲ್ಲಿ ಚಾಪೆ ಹಾಸಿ, ಬಳೆಗಾರ್ತಿಯನ್ನು ಕೂರಿಸಿ, ತಾನೂ ಅದೇ ಚಾಪೆಯ ಮೇಲೆ ಕೂತು ಕೈ ಚಾಚಿದಳು. ಆ ಸೀಮೆಯ ಪದ್ಧತಿಯೇ ಹಾಗೆ. ಬಳೆ ತೊಡಿಸುವವಳೂ ತೊಡುವವಳೂ ಒಂದೇ ಚಾಪೆಯ ಮೇಲೆ ಕೂರಬೇಕು. ಗೌಡರ ಹೆಂಡತಿಯಾದರೂ ತೂಗುಮಂಚದಿಂದ ಇಳಿದು ಬರಬೇಕು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿನವರು ಕೂರುತ್ತಿದ್ದರು, ಇವರೂ ಕೂರುತ್ತಿದ್ದರು.

ಬಳೆಗಾರ್ತಿಯ ಕೈ ಪಳಗಿತು. ಹೆಂಗಸು ಬಾಗಿಲು ದಾಟಿ ಬರುವಾಗಲೇ ಅವಳ ಮಣಿಕಟ್ಟಿನ ಅಳತೆ ಇವಳಿಗೆ ಗೊತ್ತಾಗುತ್ತಿತ್ತು. ಎದುರಿನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಬೇರೆ ಮಾತು ತೆಗೆದು, ಅವರು ನಗುತ್ತಿರುವಾಗ ಹೆಬ್ಬೆರಳ ಬುಡವನ್ನು ಮೆಲ್ಲಗೆ ಒಳಗೆ ಒತ್ತಿ ಬಳೆ ಏರಿಸಿಬಿಡುತ್ತಿದ್ದಳು. ಎಂಥ ಬಿಗಿ ಬಳೆಯೂ ಅವಳ ಕೈಯಲ್ಲಿ ಚಟ್ಟೆನ್ನಲಿಲ್ಲ. ಮದುವೆ, ಸೀಮಂತ ಎಂದರೆ "ಅವಳನ್ನೇ ಕರೀರಿ" ಎನ್ನುವಂತಾಯಿತು.

ಮುಂದೆ ಒಂದು ಹಳೆಯ ಮೊಪೆಡ್ ಕೊಂಡಳು. ಒಂದು ಮಳೆಗಾಲ, ಹೆದ್ದಾರಿಯಲ್ಲಿ ಬರುತ್ತಿದ್ದಾಗ ಹಿಂದಿನಿಂದ ಎತ್ತರದ ಕಾರೊಂದು ಹಾರ್ನ್ ಬಾರಿಸುತ್ತ ಬಂತು. ದೊಡ್ಡವರ ಎಸ್‌ಯುವಿ ಎನ್ನುತ್ತಾರಲ್ಲ, ಅಂಥದ್ದು. ಅವಳು ಬದಿಗೆ ಸರಿದಳು. ಅದು ಇನ್ನೂ ಜಾಗ ಕೇಳಿತು. ಮೊಪೆಡ್ ಕೆಸರಿನ ಕಾಲುವೆಗೆ ಜಾರಿತು. ಮಲಾರವೆಲ್ಲ ಚೂರಾಯಿತು. ಕೆಸರಿನಲ್ಲಿ ಕೂತು ಅವಳು ತಲೆಯೆತ್ತಿ ನೋಡಿದಳು. ಒಳಗಿದ್ದವರು ಗಾಜಿನ ಹಿಂದೆ ಏನೋ ಮಾತಾಡಿಕೊಂಡು ನಗುತ್ತಿದ್ದರು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವರು ಕೆಳಗೆ ನೋಡಲೇ ಇಲ್ಲ.

'ಒಂದು ದಿನ ನಾನೂ ಅಲ್ಲಿ ಕೂರುತ್ತೇನೆ' ಎಂದು ಅವಳು ಅಲ್ಲೇ, ಕೆಸರಿನಲ್ಲೇ ಪಣ ತೊಟ್ಟಳು.

ಹನ್ನೊಂದು ವರ್ಷ ಹಿಡಿಯಿತು. ಪೇಟೆಯಲ್ಲಿ ಅಂಗಡಿ ಮಾಡಿದಳು. ದೂರದ ಬಳೆ ಕುಲುಮೆಗಳಿಂದ ತಾನೇ ಮಾಲು ತರಿಸಿದಳು. ಸುತ್ತಲಿನ ಬಳೆಗಾರರೆಲ್ಲ ಅವಳ ಅಂಗಡಿಯಿಂದಲೇ ಮಲಾರ ತುಂಬಿಸಿಕೊಂಡು ಹೋಗುವಂತಾಯಿತು. ಆಮೇಲೆ ಒಂದು ದಿನ, ಹತ್ತಿಯ ಸೀರೆ ಉಟ್ಟು, ರಬ್ಬರ್ ಚಪ್ಪಲಿ ಮೆಟ್ಟಿ, ಕಾರು ಮಾರುವವರ ಗಾಜಿನ ಅಂಗಡಿಗೆ ಹೋದಳು. ಅಲ್ಲಿಯವನು ಅವಳಿಗೆ ಒಂದು ಲೋಟ ನೀರು ಕೊಟ್ಟು, "ಸಾಹೇಬರು ಯಾವಾಗ ಬರ್ತಾರಮ್ಮ?" ಎಂದು ಕೇಳಿದ.

"ಬಂದಾಗಿದೆ. ನೀರು ಕುಡೀತಿದಾರೆ" ಎಂದಳು ಬಳೆಗಾರ್ತಿ.

ಕಾರು ಕಲಿಸುವವನು ಅವಳ ಗಿಡ್ಡ ಕಾಲು ನೋಡಿ, ಇದು ಎಟುಕುವ ಮಾತಲ್ಲ ಎಂದ. ಅವಳು ಸೀಟಿಗೆ ದಿಂಬು ಕಟ್ಟಿಕೊಂಡು ಕಲಿತಳು.

ಶಿಷ್ಯ ಇಲ್ಲಿ ಬಾಯಿ ಹಾಕಿದ. "ಅಷ್ಟೆಲ್ಲ ಕಷ್ಟಪಟ್ಟು ಕೊಂಡದ್ದರಲ್ಲಿ ಸುಖವಿತ್ತೇ, ಗುರುಗಳೇ?"

"ಇತ್ತು. ಇರಲಿಲ್ಲ ಎಂದರೆ ಸುಳ್ಳು ಹೇಳಿದಂತೆ" ಎಂದರು ಗುರುಗಳು. ಆ ಸೀಟಿನಲ್ಲಿ ಕೂತರೆ ಕಾಂಪೌಂಡುಗಳ ಆಚೆಗಿನ ಅಂಗಳ ಕಾಣುತ್ತಿತ್ತು. ಹೆದ್ದಾರಿಯಲ್ಲಿ ಲಾರಿಯವನೂ ಜಾಗ ಬಿಡುತ್ತಿದ್ದ. ಹೊರಗೆ ಗುಂಡಿ ಇದ್ದರೂ ಒಳಗೆ ಅವಳ ಬೆನ್ನಿಗೆ ಗೊತ್ತಾಗುತ್ತಿರಲಿಲ್ಲ. ಮಳೆ ಗಾಜಿನ ಆಚೆ ಬೀಳುತ್ತಿತ್ತು. ಲಕ್ವದ ಗಂಡನನ್ನು ಪಕ್ಕದಲ್ಲಿ ಒರಗಿಸಿಕೊಂಡು ಅವಳು ಊರು ಸುತ್ತಿಸಿದಳು. ಚಹಾದಂಗಡಿಯ ಮುಂದೆ ಕೂತಿದ್ದ ಭಾವ, ಅದನ್ನು ನೋಡಿ ತನಗೆ ಗೊತ್ತಿಲ್ಲದೆಯೇ ಎದ್ದು ನಿಂತ. ಆ ಒಂದು ಗಳಿಗೆಗಾಗಿಯೇ ಅವಳು ಇನ್ನೊಂದು ಹನ್ನೊಂದು ವರ್ಷ ದುಡಿಯಲು ತಯಾರಿದ್ದಳು.

ಅಂಗಡಿಯಾದ ಮೇಲೂ ಓಣಿಗಳಿಗೆ ತಾನೇ ಹೋಗಿ ಬಳೆ ತೊಡಿಸುವುದನ್ನು ಅವಳು ಬಿಟ್ಟಿರಲಿಲ್ಲ. ಆದರೆ ಓಣಿಗಳು ಅವಳ ಕಾರಿಗಿಂತ ಹಳೆಯವು. ಕಾರಿನ ಹೊಟ್ಟೆ ಓಣಿಯ ಬಾಯಿಗೇ ಸಿಕ್ಕಿಕೊಳ್ಳುತ್ತಿತ್ತು. ಮೂತಿಯ ಮುಂದಿನ ಮೂರು ಮೊಳ ನೆಲ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಒಮ್ಮೆ ರಂಗೋಲಿ ಇಡುತ್ತಿದ್ದ ಮುದುಕಿಯೊಬ್ಬಳು ಚೀರಿದ್ದರಿಂದ ಉಳಿದುಕೊಂಡಳು. ಇಳಿದು ನಡೆಯಬಹುದಿತ್ತು. ಆದರೆ ಇಷ್ಟು ಎತ್ತರ ಏರಿದವಳು ಮತ್ತೆ ಹೆಗಲಿಗೆ ಮಲಾರ ಹಾಕಿಕೊಂಡು ಭಾವನ ಮುಂದೆ ನಡೆದು ಹೋಗುವುದೇ? ಮನಸ್ಸು ಒಪ್ಪಲಿಲ್ಲ. ಓಣಿಯ ಬಾಯಲ್ಲಿ ನಿಲ್ಲಿಸಿ ಹಾರ್ನ್ ಬಾರಿಸುವುದಕ್ಕೆ ಶುರುಮಾಡಿದಳು. ಹೆಂಗಸರು ಬಂದು ಕೆಳಗೆ ನಿಂತು ಕೈಯೆತ್ತುತ್ತಿದ್ದರು. ಅವಳು ಕಿಟಕಿಯ ಗಾಜು ಇಳಿಸಿ ಮೇಲಿನಿಂದಲೇ ತೊಡಿಸುತ್ತಿದ್ದಳು. "ಇವತ್ತು ದೇವಿಯ ದರ್ಶನ ಆಯ್ತಪ್ಪ" ಎಂದು ಅವರು ಮೊದಮೊದಲು ನಕ್ಕರು. ಆಮೇಲೆ ಬರುವುದನ್ನು ಕಡಿಮೆ ಮಾಡಿದರು. ತನ್ನ ಏಳಿಗೆ ಕಂಡು ಹೊಟ್ಟೆಕಿಚ್ಚು ಎಂದುಕೊಂಡಳು ಬಳೆಗಾರ್ತಿ.

ಅಷ್ಟರಲ್ಲಿ ಆ ನೇಕಾರಳ ಮಗಳಿಗೆ ಸೀಮಂತ ಬಂತು. ಚೊಚ್ಚಲ ಬಸಿರು. "ತೊಟ್ಟಿಲಿನಲ್ಲಿದ್ದಾಗ ಅವಳ ಕೈಗೆ ಕರಿಬಳೆ ಇಟ್ಟವಳು ನೀನೇ. ಹಸಿರು ಬಳೆಯನ್ನೂ ನೀನೇ ಇಡಬೇಕು" ಎಂದು ನೇಕಾರಳು ಹೇಳಿಕಳಿಸಿದಳು. ಪಡಸಾಲೆಯಲ್ಲಿ ಅದೇ ಚಾಪೆ ಹಾಸಿ ಎಲ್ಲರೂ ಕಾದರು. ಓಣಿಯ ಬಾಯಲ್ಲಿ ಹಾರ್ನ್ ಕೇಳಿಸಿತು. ಒಮ್ಮೆ, ಎರಡು ಸಲ, ಮೂರು ಸಲ ಕೇಳಿಸಿತು. ಕೊನೆಗೆ ಬಸುರಿಯೇ ಎದ್ದು, ಸೊಂಟಕ್ಕೆ ಕೈಕೊಟ್ಟು, ಕಲ್ಲುಚಪ್ಪಡಿಯ ಮೇಲೆ ಮೆಲ್ಲಗೆ ಹೆಜ್ಜೆಯಿಡುತ್ತ ಬಂದಳು. ಹಿಂದೆ ಓಣಿಯ ಹೆಂಗಸರೆಲ್ಲ ಬಂದರು.

ಹುಡುಗಿ ಕೈಯೆತ್ತಿದಳು. ಮೇಲಕ್ಕೆತ್ತಿದ ಕೈ ಬಿಗಿದುಕೊಂಡಿತ್ತು. ಮೊದಲ ಬಳೆ ಹೇಗೋ ಏರಿತು. ಎರಡನೆಯದು ಹೆಬ್ಬೆರಳ ಬುಡದಲ್ಲಿ ನಿಂತಿತು. ಬಳೆಗಾರ್ತಿ ಒತ್ತಿದಳು. ಚಟ್ಟೆಂದಿತು. ಹಸಿರು ಚೂರಿನ ಜೊತೆ ಒಂದು ಹನಿ ರಕ್ತ ಕೆಳಗೆ ಬಿತ್ತು.

ಸೀಮಂತದ ಬಳೆ. ಅದು ಒಡೆಯುವುದು ಅಪಶಕುನ. ಹುಡುಗಿ ಹೆದರಿ ಹೊಟ್ಟೆ ಹಿಡಿದುಕೊಂಡಳು.

"ಬಳೆ ಹೆಚ್ಚಿತು" ಎಂದಳು ನೇಕಾರಳು. ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳಬಾರದಲ್ಲ, ಅದಕ್ಕೆ. ಮಗಳ ಕೈಗೆ ಸೆರಗು ಸುತ್ತಿ ಒತ್ತಿ ಹಿಡಿದಳು. ಆಮೇಲೆ ತಲೆಯೆತ್ತಿ ಬಳೆಗಾರ್ತಿಯನ್ನು ನೋಡಿದಳು. "ಮ್ಯಾಲಿಂದ ಹಾಕಿದರೆ ಅದು ಬೇಡಿ ಆಗ್ತದವ್ವ, ಬಳೆ ಆಗೂದಿಲ್ಲ" ಎಂದು ಹೇಳಿ, ಮಗಳನ್ನು ನಡೆಸಿಕೊಂಡು ಹಿಂದಿರುಗಿದಳು.

ಎಲ್ಲರೂ ಹೋದರು. ಬಳೆಗಾರ್ತಿ ಕಿಟಕಿಯಿಂದ ಕೆಳಗೆ ನೋಡಿದಳು. ಕಲ್ಲಿನ ಮೇಲೆ ಹಸಿರು ಚೂರು ಹೊಳೆಯುತ್ತಿತ್ತು. ಕೆಸರಿನಲ್ಲಿ ಚೂರಾದ ಮಲಾರ ಅವಳಿಗೆ ನೆನಪಾಯಿತು. ಅಂದು ಅವಳು ಕೆಳಗಿದ್ದಳು, ಮೇಲಿದ್ದವರು ನೋಡಿರಲಿಲ್ಲ. ಇಂದು ಮೇಲಿದ್ದವಳು ತಾನು.

ಕಾರಿನ ಮೂತಿ ಅಗಲ ರಸ್ತೆಯ ಕಡೆಗೇ ಇತ್ತು. ಹೋಗಿಬಿಡಬಹುದಿತ್ತು. ಪೇಟೆಯಲ್ಲಿ ಅಂಗಡಿ ಇತ್ತು. ಈ ಒಂದು ಓಣಿಯಿಂದ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಒಳಗೆ ಒಬ್ಬ ಬಸುರಿ ಒಂದೇ ಒಂದು ಬಳೆ ತೊಟ್ಟು ಹೆದರಿ ಕೂತಿದ್ದಳು, ಅಷ್ಟೆ.

ಅವಳು ಕಾರು ಆರಿಸಿದಳು. ಬಾಗಿಲು ತೆರೆದು, ಹಿಂದುಮುಂದಾಗಿ, ಒಂದೊಂದೇ ಕಾಲಿಟ್ಟು ಇಳಿದಳು. ಹಿಂದಿನಿಂದ ಮಲಾರ ತೆಗೆದು ಹೆಗಲಿಗೇರಿಸಿದಳು. ಹೆಗಲಿಗೆ ಅಭ್ಯಾಸ ತಪ್ಪಿತ್ತು, ವಾಲಿದಳು.

"ಏನವ್ವಾ, ಡೀಸೆಲ್ ಮುಗೀತಾ?" ಎಂದ ಚಹಾದಂಗಡಿಯಿಂದ ಭಾವ.

"ಡೀಸೆಲ್ ಐತಿ ಭಾವ. ಕೆಲಸ ಒಳಗೈತಿ" ಎಂದು ಅವಳು ಓಣಿಯೊಳಗೆ ನಡೆದಳು.

ಪಡಸಾಲೆಯಲ್ಲಿ ಚಾಪೆಯನ್ನು ಇನ್ನೂ ಸುತ್ತಿರಲಿಲ್ಲ. ಅವಳು ಚಪ್ಪಲಿ ಬಿಟ್ಟು, ಅದರ ಮೇಲೆ ಕೂತು, ಕೈ ಚಾಚಿದಳು. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಬಂದು ಎದುರಿಗೆ ಕೂತು, ಗಾಯದ ಕೈಯನ್ನೇ ಅವಳ ಮಡಿಲಲ್ಲಿಟ್ಟಳು.

"ಹೊಟ್ಟೇಲಿರೋನು ಒದೀತಾನೇನು?" ಎಂದು ಕೇಳಿದಳು ಬಳೆಗಾರ್ತಿ.

"ನಿನ್ನ ಹಾರ್ನ್ ಕೇಳಿದಾಗೊಮ್ಮೆ ಒದ್ದ" ಎಂದಳು ಹುಡುಗಿ.

ಪಡಸಾಲೆಯೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ಆ ನಗುವಿನಲ್ಲಿ ಎರಡನೆಯ ಬಳೆ ಏರಿತ್ತು. ಮೂರನೆಯದೂ ಏರಿತು. ಎರಡೂ ಕೈ ತುಂಬುವ ತನಕ ಒಂದೂ ಚಟ್ಟೆನ್ನಲಿಲ್ಲ.

ಶಿಷ್ಯ ನಿಟ್ಟುಸಿರು ಬಿಟ್ಟ. "ಆಮೇಲೆ ಅವಳು ಆ ಕಾರನ್ನು ಮಾರಿಬಿಟ್ಟಳು, ಅಲ್ಲವೇ?"

"ಯಾಕೆ ಮಾರಬೇಕು? ಅವಳು ಹಟಮಾರಿ. ಹನ್ನೊಂದು ವರ್ಷದ ದುಡಿಮೆ ಅದು" ಎಂದರು ಗುರುಗಳು. ಗುಡ್ಡದಾಚೆ, ಹಳ್ಳ ದಾಟಿದರೆ, ನೇಕಾರಳ ತಂಗಿಯ ಕೇರಿ ಇತ್ತು. ಬಸ್ಸು ಅಲ್ಲಿಗೆ ಹೋಗುತ್ತಿರಲಿಲ್ಲ. ಅಲ್ಲಿಯ ಹೆಂಗಸರು ಬಳೆಗಾರನ ಮುಖ ನೋಡಿ ವರ್ಷಗಳಾಗಿದ್ದವು. ಬಳೆಗಾರ್ತಿ ಅತ್ತ ಕಾರು ತಿರುಗಿಸಿದಳು. ಆ ಕಲ್ಲಿನ ದಾರಿಗೆ, ಆ ಹಳ್ಳದ ನೀರಿಗೆ ಎತ್ತರದ ಗಾಲಿಯೇ ಬೇಕಿತ್ತು. ಕೇರಿ ಇನ್ನೂ ನೂರು ಮಾರು ಇರುವಾಗಲೇ ನಿಲ್ಲಿಸಿ, ಇಳಿದು ನಡೆದು ಹೋಗಿ ಕರೆದಳು. ಸುತ್ತ ಒಂದೂ ಮರವಿರಲಿಲ್ಲ. ಕಾರಿನ ಮಗ್ಗುಲಲ್ಲಿ ಚಾಪೆ ಹಾಸಿದಳು. ಅಷ್ಟು ದೊಡ್ಡ ಕಾರಿನ ನೆರಳು, ಎಂಟು ಜನ ಹೆಂಗಸರು ಕೂತರೂ ಮಿಕ್ಕಿತು. ಈಗ ತಿಂಗಳಿಗೊಮ್ಮೆ ಅಂಥ ಕೇರಿಗಳಿಗೆ ಹೋಗುತ್ತಾಳೆ. ಭಾವ ಈಗಲೂ ಚಹಾದಂಗಡಿಯಲ್ಲಿ ಕೂರುತ್ತಾನೆ. ಎದ್ದು ನಿಲ್ಲುವುದಿಲ್ಲ. ಅವಳು ಅದನ್ನು ಗಮನಿಸುವುದಿಲ್ಲ.

ಗುರುಗಳು ಜೋಳಿಗೆ ತೆಗೆದುಕೊಂಡು ಎದ್ದರು. ಭಿಕ್ಷೆಯ ಹೊತ್ತಾಗಿತ್ತು. ಅಂಗಳದಲ್ಲಿ ಹೊಸ ಕಾರು ಬಿಸಿಲಿಗೆ ಮಿನುಗುತ್ತಿತ್ತು.

ಶಿಷ್ಯ ಕೀಲಿಯನ್ನು ಮುಂದೆ ಚಾಚಿದ. "ಹಾಗಾದರೆ ಇದನ್ನು ಇಟ್ಟುಕೊಳ್ಳೋಣವೇ, ಮರಳಿಸೋಣವೇ?"

ಗುರುಗಳು ಹೇಳಿದರು: "ಬಳೆಗಾರ್ತಿಯ ಬಳಿ ಈಗ ಕಾರೂ ಇದೆ, ಚಾಪೆಯೂ ಇದೆ, ಕಾರಿಗೆ ಅವಳು ಹನ್ನೊಂದು ವರ್ಷ ಕೊಟ್ಟಳು, ಚಾಪೆಗೆ ಆ ಕಾರಿನ ಎತ್ತರವನ್ನೇ ಬಿಟ್ಟುಕೊಟ್ಟಳು. ಕೀಲಿ ಹಿಡಿದ ನೀನು ಏನು ಕೊಡುತ್ತೀ?"